ಮನೆ ಗಟ್ಟಿಯಾಗಿದ್ದೇ ತಪ್ಪಾಯಿತು

ನಿಮ್ಮ ಮನೆ ಗಟ್ಟಿಮುಟ್ಟಾಗಿದೆ ಎಂದು ಎಂಜಿನಿಯರ್ ಹೇಳಿದರೆ ನೀವೇನು ಮಾಡುತ್ತೀರಿ? ಪೇಢೆ ಹಂಚುತ್ತೀರಿ. ನಾನು ಮಾತ್ರ ಕಟ್ಟೆಯ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತೆ. ಯಾಕೆಂದು ತಿಳಿಯಬೇಕಾದರೆ ಮೊದಲು ನನ್ನ ಅತ್ತೆ ಕೆಂಚವ್ವನವರ ವಿಷಯ ಹೇಳಬೇಕು.

ಅತ್ತೆ ಇರುವುದು ತೆಲಸಂಗದಲ್ಲಿ. ಬಹಳ ಒಳ್ಳೆಯವರು. (ಇದನ್ನು ನನ್ನ ಹೆಂಡತಿ ಓದುತ್ತಾಳೆ.) ಆದರೆ ಕೂತ ಗಂಡಸನ್ನು ಕಂಡರೆ ಅವರಿಗೆ ಸಹಿಸಲಾಗುವುದಿಲ್ಲ. ಕಳೆದ ಸಲ ರಾಯಬಾಗದ ನಮ್ಮ ಮನೆಗೆ ಬಂದಾಗ, ನಾನು ನೆಮ್ಮದಿಯಿಂದ ಚಹಾ ಕುಡಿಯುತ್ತಿದ್ದೆ. "ಮುರಗೆಪ್ಪನವರ, ಸುಮ್ನ ಕುಂತೀರಲ್ಲ, ಈ ಬಳ್ಳೊಳ್ಳಿ ಸುಲೀರಿ," ಎಂದು ಮೊರ ಮುಂದಿಟ್ಟರು. ಬೆಳ್ಳುಳ್ಳಿ ಮುಗಿದ ಕೂಡಲೇ ಶೇಂಗಾ ಬಂತು. ಕಬ್ಬಿನ ಗದ್ದೆಯ ಒಡೆಯನಾದ ನಾನು ಆ ವಾರವೆಲ್ಲ ಏನಾದರೊಂದನ್ನು ಸುಲಿಯುತ್ತಲೇ ಇದ್ದೆ.

ಇಂಥ ಮಹಾತಾಯಿಯನ್ನು ಕಾಯಂ ಕರೆತರಬೇಕು, ಅವರಿಗಾಗಿ ಮೇಲೊಂದು ಮಹಡಿ ಏರಿಸಬೇಕು ಎಂದು ನನ್ನ ಹೆಂಡತಿ ಗೌರಾಬಾಯಿ ಹಟ ಹಿಡಿದಳು.

"ಸ್ಲ್ಯಾಬ್ ಮ್ಯಾಲ ಕಂಬದ ಸರಳ ಬಿಟ್ಟೀರಲ್ಲ, ಯಾತಕ್ಕ?"

"ಅರಿವಿ ಒಣಗ ಹಾಕಾಕ."

"ಎಲ್ಲಾ ಮೂಲ್ಯಾಗೂ?"

ಇಲ್ಲ ಎನ್ನುವ ಧೈರ್ಯ ನನಗಿರಲಿಲ್ಲ. ಇಲ್ಲ ಎನ್ನುವ ಮನುಷ್ಯನನ್ನು ಕರೆಸುವ ಬುದ್ಧಿ ಇತ್ತು. "ಮನಿ ಭಾರ ತಾಳತೈತೋ ಇಲ್ಲೋ, ಎಂಜಿನಿಯರಿಂದ ತಪಾಸಣಿ ಮಾಡಸೂಣು. ನಿಮ್ಮವ್ವನ ಜೀವದ ಪ್ರಶ್ನೆ," ಎಂದೆ. ಗೌರಾಬಾಯಿಯ ಕಣ್ಣು ಒದ್ದೆಯಾಯಿತು. ಅನುಮಾನ ಬಾರದಿರಲೆಂದು ಫೋನನ್ನೂ ಅವಳಿಂದಲೇ ಮಾಡಿಸಿದೆ.

ನಿಪ್ಪಾಣಿಯಿಂದ ಕುನಾಲ ಎಂಬ ಎಂಜಿನಿಯರ್ ಬಂದ. ಕನ್ನಡದಲ್ಲಿ ಶುರುಮಾಡಿ ಮರಾಠಿಯಲ್ಲಿ ಮುಗಿಸುವವ. ಚೀಲದಿಂದ ಕಾಂಕ್ರೀಟಿನ ಗಟ್ಟಿತನ ಅಳೆಯುವ ಒಂದು ಸ್ಪ್ರಿಂಗ್ ಸುತ್ತಿಗೆ ತೆಗೆದು ಕಂಬಕ್ಕೆ ಒತ್ತಿದ. ಅದು ಟಕ್ ಎಂದು ಹಿಂದಕ್ಕೆ ಚಿಮ್ಮಿತು. ಅದರ ಮೇಲಿನ ಅಂಕಿ ನೋಡಿ ತಲೆಯಾಡಿಸಿದ. ಮೇಲೆ ಕೆಳಗೆ ಆಡಿಸಿದನೋ ಅಡ್ಡ ಆಡಿಸಿದನೋ ನನಗೆ ತಿಳಿಯಲಿಲ್ಲ.

"ಕಾಕು, ಮ್ಯಾಲ ಲೋಡ ಎಷ್ಟ ಬರ್ತೈತ್ರಿ?" ಎಂದು ಗೌರಾಬಾಯಿಯನ್ನು ಕೇಳಿದ.

"ಎರಡ ಸಾಕ್ರಿ," ಎಂದಳು ಅವಳು. "ಅವ್ವಗ ಒರಗಾಕ ಒಂದು, ಬಂದವರಿಗೆ ಒಂದು." (ನಮ್ಮ ಕಡೆ ಲೋಡು ಎಂದರೆ ಉದ್ದನೆಯ ಒರಗುದಿಂಬು.)

ಕುನಾಲ ಸುತ್ತಿಗೆ ಕೆಳಗಿಟ್ಟ. "ದಿಂಬಲ್ರಿ. ಭಾರ. ಗ್ವಾಡಿ, ಸ್ಲ್ಯಾಬ್ ಅಂದ್ರ ಡೆಡ್ ಲೋಡ. ಓಡಾಡೂ ಮಂದಿ ಅಂದ್ರ ಲೈವ್ ಲೋಡ."

"ಹಂಗಾರ ನಮ್ಮವ್ವ ಲೈವ್ ರೀ. ಅಕಿ ಆಡೂ ಬರ್ತಾವು."

"ಹಿಂಡಗಟ್ಟಲೆ ಬರ್ತಾವ್ರಿ ಸಾಹೇಬ್ರ, ಬರಕೊಳ್ರಿ," ಎಂದು ನಾನು ನಡುವೆ ಬಾಯಿ ಹಾಕಿದೆ.

ಆಮೇಲೆ ನಾನು ಸುಮ್ಮನಿರಲಿಲ್ಲ. ನಡುಮನೆಯ ಬಿರುಕು ತೋರಿಸಿದೆ. "ಪ್ಲಾಸ್ಟರಿಂದ ರೀ, ಕಾಹೀ ಪ್ರಾಬ್ಲೆಮ್ ನಾಹೀ," ಎಂದ. ಕಿಟಕಿಯ ಮೂಲೆ ತೋರಿಸಿದೆ. ಅದೂ ನಾಹೀ. ಅಡುಗೆಮನೆಯ ಮೂಲೆಯಲ್ಲಿದ್ದ ಜೇಡರ ಬಲೆಯನ್ನೂ ಬಿರುಕೆಂದು ತೋರಿಸಿದೆ. ಅವನು ಊದಿದ, ಹಾರಿಹೋಯಿತು.

ಕೊನೆಗೆ ಅವನು ಗೌರಾಬಾಯಿಯನ್ನು ಪಕ್ಕಕ್ಕೆ ಕರೆದು ಮೆಲ್ಲನೆ ಹೇಳಿದ್ದು ನನಗೂ ಕೇಳಿಸಿತು: "ಕಾಕು, ಮನಿ ಭಾಳ ಗಟ್ಟಿ ಐತಿ. ಈ ಗಿರಾಕಿ ಕಿಮ್ಮತ್ತ ಇಳಸಾಕ ಖೋಡಿ ಹುಡಕಾಕತ್ತಾರ. ಇವರಿಗೆ ಮಾರಬ್ಯಾಡ್ರಿ."

"ಯಾವ ಗಿರಾಕಿ?"

"ಅವರ ರೀ, ಬಿರುಕ ತೋರಸಾಕತ್ತಾರಲ್ಲ."

"ಅವರು ನಮ್ಮ ಮನಿಯವರು."

ಕುನಾಲ ನನ್ನನ್ನು ನೋಡಿದ. ಮನೆಯನ್ನು ನೋಡಿದ. ಗೌರಾಬಾಯಿಯೂ ನನ್ನನ್ನು ನೋಡಿದಳು. "ಏನ್ರಿ, ನಮ್ಮ ಮನ್ಯಾಗ ನೀವ ಖೋಡಿ ಹುಡಕಾಕತ್ತೀರಿ?"

"ಕಾಳಜಿ," ಎಂದೆ. ಆ ಕಾಳಜಿಯನ್ನು ಸಾಬೀತುಪಡಿಸಲೇಬೇಕಾಗಿ, ಕುನಾಲನನ್ನು ಬಚ್ಚಲಿನ ಹಿಂದಕ್ಕೆ ಎಳೆದುಕೊಂಡು ಹೋದೆ. ಅಲ್ಲಿ ಒಂದು ಕಂಬದ ಬುಡ ಸದಾ ತೇವವಿರುತ್ತಿತ್ತು. ಅವನು ಬಡಿದ. ಪೊಳ್ಳು ಸದ್ದು. ಕೆರೆದಾಗ ತುಕ್ಕು ಹಿಡಿದ ಸರಳು ಇಣುಕಿತು. ಸರಳನ್ನು ನೋಡಿ ಅಷ್ಟು ಆನಂದ ನನಗೆ ಎಂದೂ ಆಗಿರಲಿಲ್ಲ.

"ಹಂಗಾರ ಮಹಡಿ ಏರಸಾಕ ಆಗೂದಿಲ್ಲ, ಹೌದಲ್ರಿ?"

"ಯಾಕ ಆಗೂದಿಲ್ಲ? ಈ ಕಂಬದ ಸುತ್ತ ಹೊಸಾ ಸರಳ ಕಟ್ಟಿ, ಕಾಂಕ್ರೀಟ್ ಹಾಕಿ ದಪ್ಪ ಮಾಡೂಣು. ಆಮ್ಯಾಲ ಬೇಕಾದ್ರ ಆನಿ ಕಟ್ರಿ. ಆದ್ರ ಕೆಲಸ ಮುಗಿಯೂತನಕ ಮನ್ಯಾಗ ಯಾರೂ ಇರಬ್ಯಾಡ್ರಿ. ನೀವು ತೋರಿಸಿದ್ದ ಚಲೋ ಆತು ಕಾಕಾ."

ನಾನು ತೆಪ್ಪಗಿದ್ದಿದ್ದರೆ ನಮ್ಮ ಮನೆಯಲ್ಲೇ ಇರುತ್ತಿದ್ದೆವು. ಆಗಲೇ ನಾನು ಕಟ್ಟೆಯ ಮೇಲೆ ಕೂತದ್ದು. ಒಳಗೆ ಗೌರಾಬಾಯಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.

"ಎಲ್ಲಿಗೆ?"

"ಎಲ್ಲಿಗಂದ್ರ? ತೆಲಸಂಗಕ್ಕ."

ತೆಲಸಂಗದಲ್ಲಿ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಕಾಲಿಗೆ ನೀರು ಕೊಟ್ಟರು, ಜುಣಕ ರೊಟ್ಟಿ ಬಡಿಸಿದರು, ಉಂಡ ಕೈ ಒಣಗುವ ಮೊದಲು ಆಡುಗಳ ಹಗ್ಗ ಕೈಗೆ ಕೊಟ್ಟರು. ಬಿಸಿಲಿನ ಬಯಲಲ್ಲಿ ಅವನ್ನು ಮೇಯಿಸುತ್ತ ನನಗೆ ಜ್ಞಾನೋದಯವಾಯಿತು. ರಾಯಬಾಗದಲ್ಲಾದರೆ ನನಗೂ ಅತ್ತೆಗೂ ನಡುವೆ ಒಂದು ಸ್ಲ್ಯಾಬ್ ಆದರೂ ಇರುತ್ತಿತ್ತು. ಅಂದಿನಿಂದ ದಿನವೂ ಕುನಾಲನಿಗೆ ಫೋನ್ ಮಾಡಿ, ಮಹಡಿ ಬೇಗ ಮುಗಿಸಪ್ಪ ಎಂದು ಅಂಗಲಾಚಿದೆ. ಅವನಿಗೆ ನನ್ನ ವಿಷಯದಲ್ಲಿ ಮೊದಲಿನಿಂದಲೂ ಇದ್ದ ಗೊಂದಲ ಇನ್ನಷ್ಟು ಹೆಚ್ಚಿತು.

ಅಂತೂ ಮಹಡಿ ಮುಗಿಯಿತು. ನಾನು ಬೆಲ್ಲದಂಥ ದನಿಯಲ್ಲಿ, "ಅತ್ತ್ಯಾರ, ನಿಮ್ಮ ಮನಿ ತಯಾರ ಆತು. ನಡೀರಿ ರಾಯಬಾಗಕ್ಕ," ಎಂದೆ.

"ಈಗ ನಾ ಯಾಕ ಬರ್ಲಿ?" ಎಂದರು ಅತ್ತೆ. "ಮಗಳು ಇಲ್ಲೇ ಅದಾಳ, ನೀವೂ ಇಲ್ಲೇ ಅದೀರಿ. ಅದನ್ನ ಬಾಡಗಿಗೆ ಕೊಡ್ರಿ."

ನಾನು ಆಸೆಯಿಂದ ಗೌರಾಬಾಯಿಯ ಮುಖ ನೋಡಿದೆ.

"ಹೌದ್ರಿ, ಚಲೋ ಮಂದಿ ಬಂದಾರ," ಎಂದಳು. "ಅವರು ಕೆಳಗಿನ ಮನೀನೂ ಕೇಳಿದ್ರು. ನಾ ಹೂಂ ಅಂದ ಬಿಟ್ಟೀನಿ."