ಗೋಡೆಗೆ ನಿಲ್ಲಿಸಿದ ದೋಣಿ

ಇವತ್ತು ಯಾರ ಮೇಲೂ ಸಿಟ್ಟಾಗಬಾರದು ಅಂತ ನಾನು ದಿನಾ ಬೆಳಿಗ್ಗೆ ಚಹಾ ಕುಡಿಯುವಾಗ ಮನಸ್ಸು ಗಟ್ಟಿ ಮಾಡುತ್ತೇನೆ. ಕಪ್ಪು ಬಸಿ ತೊಳೆದಿಡುವಷ್ಟರಲ್ಲಿ ಯಾರಾದರೊಬ್ಬರು ಅದನ್ನು ಕೆಡಿಸಿರುತ್ತಾರೆ. ಅದರಲ್ಲೂ ನನ್ನ ಪುಸ್ತಕದ ವಿಷಯಕ್ಕೆ ಬಂದರೆ ಮನೆಯವರು, ಓಣಿಯವರು, ಮನೆ ಮಾಲೀಕರು ಎಲ್ಲರೂ ಸಭೆ ಸೇರಿ ಠರಾವು ಮಾಡಿಕೊಂಡವರ ಹಾಗೆ ನನ್ನ ತಲೆ ಕೆಡಿಸಲು ನಿಲ್ಲುತ್ತಾರೆ. ಒಂದು ಪುಸ್ತಕದ ಕಪಾಟು ಮಾಡಿಸಿದ್ದಕ್ಕೆ ನಾನು ಪಟ್ಟ ಪಾಡನ್ನು ಕೇಳಿದವರೆಲ್ಲ ನಗುತ್ತಾರೆ. ನಗಲಿ. ನನಗಂತೂ ಇನ್ನೂ ನಗು ಬಂದಿಲ್ಲ.

ನೀಲಿ ಟಬ್ಬು

ನಾನು ರಾಯಬಾಗದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ, ಹಾಗಾಗಿ ಓಣಿಯವರಿಗೂ ಸಾಲಿಯವರಿಗೂ ನಾನು 'ಬಾಯಾರು'. ಮದುವೆಯಾದ ಮೇಲೆ ಬಹಳ ವರ್ಷ ಉಗಾರ ಖುರ್ದದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಮ್ಮವರಿಗೆ ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಕೆಲಸ, ಮನೆಯಲ್ಲಿ ನಮ್ಮ ಅತ್ತಿ. ನಾನು ದಿನಾ ಪ್ಯಾಸೆಂಜರ್ ಗಾಡಿಗೆ ಹೋಗಿ ಬರುತ್ತಿದ್ದೆ. ಗಾಡಿಯಲ್ಲಿ ಓದಲು ಕೊಂಡ ಪುಸ್ತಕಗಳೇ ಗೋಣಿಚೀಲ ತುಂಬಿ ಮಂಚದ ಕೆಳಗೆ ಸೇರಿದ್ದವು.

ಒಂದು ದೀಪಾವಳಿಯ ಮುಂಚೆ ಸಾಲಿಯಿಂದ ಬಂದು ನೋಡಿದರೆ ಮಂಚದ ಕೆಳಗೆ ಬರಿ ನೆಲ. ಹೊರಗೆ ಬಚ್ಚಲ ಮುಂದೆ ಹೊಸ ನೀಲಿ ಪ್ಲಾಸ್ಟಿಕ್ ಟಬ್ಬು.

"ಅತ್ತಿ, ನನ್ನ ಪುಸ್ತಕ ಎಲ್ಲಿ ಅದಾವ್ರಿ?"

"ರದ್ದಿಯಾಂವ ಬಂದಿದ್ದ. ಎರಡ ಚೀಲಾ ಕೊಟ್ಟೆ, ಈ ಟಬ್ಬ ಕೊಟ್ಟ. ಭಾಳ ಗಟ್ಟಿ ಐತಿ ನೋಡು."

ಕಾಲೇಜಿನಲ್ಲಿ ಬಹುಮಾನ ಬಂದ ಪುಸ್ತಕ, ನಮ್ಮಪ್ಪ ತನ್ನ ಕೈಯಾರೆ ಹೆಸರು ಬರೆದು ಕೊಟ್ಟ ಪುಸ್ತಕ, ಎಲ್ಲ ಆ ಚೀಲಗಳಲ್ಲೇ ಇದ್ದವು. ಓಡಿ ಹೋಗಿ ಸ್ಟೇಶನ್ ರಸ್ತೆಯ ತುದಿಯವರೆಗೆ ಹುಡುಕಿದೆ. ರದ್ದಿಯವನ ಸೈಕಲ್ಲೂ ಸಿಗಲಿಲ್ಲ. ವಾಪಸ್ಸು ಬಂದು ಅತ್ತಿಯ ಮುಂದೆ ನಿಂತು, "ಕೊಡೂ ಮುಂಚೆ ಒಂದ ಮಾತ ಕೇಳಬಾರದೇನ್ರಿ?" ಅಂದೆ.

ಅತ್ತಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ಅವನ್ನ ನೀ ಓದಿ ಮುಗಿಸೀಯಲ್ಲ?"

"ಮುಗಿಸೀನಿ."

"ಮತ್ಯಾಕ ಬೇಕವಾ? ಊಟಾ ಆದ ಮ್ಯಾಲ ಎಲಿ ಕಾಯ್ಕೊಂಡ ಕುಂಡರತೀಯೇನು?"

ಆ ರಾತ್ರಿ ನಾನು ಊಟ ಮಾಡಲಿಲ್ಲ. ಆ ಟಬ್ಬನ್ನು ಯಾರೂ ಮುಟ್ಟಕೂಡದು ಅಂತ ನಮ್ಮವರಿಗೆ ಕಟ್ಟುನಿಟ್ಟಾಗಿ ಹೇಳಿದೆ. ಅವರು ಹೂಂ ಅಂದರು. ಬೆಳಿಗ್ಗೆ ಅದರ ತುಂಬ ನೀರು ಹಿಡಿದು, ಸ್ನಾನ ಮಾಡಿ, ಟವೆಲ್ ಸುತ್ತಿಕೊಂಡು ಬಂದು, "ಅವ್ವ ಅಂದದ್ದು ಖರೆ ಐತಿ, ಎಲ್ಲೂ ಸೋರೂದಿಲ್ಲ" ಅಂದರು.

ಮೀನು ಹಿಡಿಯುವ ಕೆಲಸ

ಇನ್ನು ಮುಂದೆ ಕೊಳ್ಳುವ ಪುಸ್ತಕಕ್ಕಾದರೂ ಒಂದು ಜಾಗ ಆಗಲೇಬೇಕು ಅಂತ ಹಟ ಹಿಡಿದೆ. ಸುಮ್ಮನೆ ಕಪಾಟು ಮಾಡಿಸಿದರೆ ನಾಳೆ ಅದರಲ್ಲಿ ಹಾಸಿಗೆ ಬಟ್ಟೆ ಬರುತ್ತವೆ. ಬೇರೆ ಯಾವುದಕ್ಕೂ ಬಾರದಂಥದ್ದು ಬೇಕಿತ್ತು. ನನ್ನ ತವರು ದಿಗ್ಗೇವಾಡಿ. ಸಣ್ಣಾಕಿ ಇದ್ದಾಗ ಕೃಷ್ಣಾ ಹೊಳೆಯ ದೋಣಿಯಲ್ಲಿ ಕೂತು ಕಥೆ ಪುಸ್ತಕ ಓದುತ್ತ ಆಚೆ ದಂಡೆಗೆ ಹೋಗಿಬಂದವಳು ನಾನು. ಹಾಗಾಗಿ ದೋಣಿಯನ್ನು ಎತ್ತಿ ಗೋಡೆಗೆ ನಿಲ್ಲಿಸಿದಂಥ ಕಪಾಟು ಅಂತ ಠರಾಯಿಸಿದೆ. ಮೇಲೆ ಚೂಪು ಮೂತಿ, ನಡುವೆ ಅಗಲ ಹೊಟ್ಟೆ, ಹೊಟ್ಟೆಯೊಳಗೆ ಅಡ್ಡ ಹಲಗೆಗಳು. ತವರಿನ ಹೊಲದಲ್ಲಿ ಬಿದ್ದಿದ್ದ ಬೇವಿನ ಮರವನ್ನು ನಮ್ಮಣ್ಣ ಕೊಯ್ಯಿಸಿ ಕಳಿಸಿದ.

ಓಣಿಯ ಬಡಿಗೇರ ಕಾಕಾ ಬಾಗಿಲು, ತೊಟ್ಟಿಲು, ದೇವರ ಮಂಟಪ ಎಲ್ಲ ಮಾಡಿದವನು. ನಾನು ಬರೆದ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಬಾಯಾರ, ದೋಣಿ ನಿಂದರಸಿದ್ರ ಮುಳಗತೈತ್ರಿ."

"ನೀರಾಗ ಅಲ್ಲ ಕಾಕಾ, ಗೋಡಿಗೆ ನಿಂದರಸೂದು."

"ಗೋಡಿಗೆ ದೋಣಿ ಯಾಕ ಬೇಕ್ರಿ?"

"ಪುಸ್ತಕ ಇಡಾಕ."

ಅವನು ಸ್ವಲ್ಪ ಹೊತ್ತು ನನ್ನನ್ನೂ ಸ್ವಲ್ಪ ಹೊತ್ತು ನಮ್ಮವರನ್ನೂ ನೋಡಿದ. ನಮ್ಮವರು 'ಮಾಡಿ ಮುಗಿಸಿಬಿಡು ಮಾರಾಯ' ಅನ್ನುವ ಹಾಗೆ ಕೈ ಮಾಡಿದರು. ಅದನ್ನು ನಾನು ನೋಡಿದೆ. ಅದಕ್ಕೊಂದು ಬೇರೆ ಜಗಳ ಆಯಿತು.

ಮನೆಯ ಮುಂದಿನ ಅಂಗಳದಲ್ಲೇ ಕೆಲಸ ಶುರುವಾಯಿತು. ಹೋಗುವವರು ಬರುವವರೆಲ್ಲ ನಿಂತು ಕೇಳುವರು. ಪುಸ್ತಕದ ಕಪಾಟು ಅಂತ ಹೇಳಿದರೆ ಇನ್ನೂ ಹತ್ತು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ ಅಂತ ಬಡಿಗೇರ ಕಾಕಾ, "ದೋಣಿ ಐತ್ರಿ, ಈ ಮನಿ ಸಾಹೇಬ್ರು ಹೇಳ್ಯಾರ" ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ.

ಸುದ್ದಿ ಪ್ಯಾಸೆಂಜರ್ ಗಾಡಿ ಹತ್ತಿ ನನಗಿಂತ ಮುಂಚೆ ರಾಯಬಾಗ ಮುಟ್ಟಿತು. ಒಂದು ದಿನ ನಮ್ಮ ಹೆಡ್‌ಮಾಸ್ತರರು ನನ್ನನ್ನು ಕೋಣೆಗೆ ಕರೆದು, ಕುರ್ಚಿ ಎಳೆದು ಕೂಡಿಸಿ, ಬಹಳ ಮೃದುವಾಗಿ, "ಕಾರ್ಖಾನಿ ಕೆಲಸಾ ಬಿಟ್ರಂತಲ್ರಿ ನಿಮ್ಮ ಯಜಮಾನ್ರು" ಅಂದರು.

"ಇಲ್ರಿ ಸರ್, ಯಾರ ಹೇಳಿದ್ರು?"

"ಮುಚ್ಚಿಡಬ್ಯಾಡ್ರಿ ಬಾಯಾರ. ದೋಣಿ ಮಾಡಸಾಕತ್ತಾರಂತ ಗೊತ್ತಾಗೇತಿ. ಮೀನ ಹಿಡ್ಯೂದು ಸಣ್ಣ ಕೆಲಸ ಅಂತ ತಿಳ್ಕೋಬ್ಯಾಡ್ರಿ. ಸಿಕ್ಕ ದಿನಾ ನಮಗೂ ಸ್ವಲ್ಪ ತಂದ ಕೊಡ್ರಿ."

ಎಲ್ಲಿಗೆ ಹೋಗತೀರಿ

ದೋಣಿ ಮುಗಿಯಿತು. ನಿಜ ಹೇಳಬೇಕೆಂದರೆ ಚಂದ ಆಗಿತ್ತು. ಬೇವಿನ ಕಟ್ಟಿಗೆಗೆ ಎಣ್ಣೆ ಕುಡಿಸಿ ತಿಕ್ಕಿದ ಮೇಲೆ ಬೆಲ್ಲದ ಬಣ್ಣ ಬಂದಿತ್ತು. ಎತ್ತಿ ಬಾಗಿಲ ಹತ್ತಿರ ತಂದರು. ದೋಣಿಯ ಹೊಟ್ಟೆ ಬಾಗಿಲಿಗಿಂತ ಒಂದು ಗೇಣು ಅಗಲ ಇತ್ತು.

"ಅಳತಿ ತಗೊಂಡಿದ್ರಿಲ್ಲೋ?" ಅಂತ ನಾನು ನಮ್ಮವರನ್ನು ಕೇಳಿದೆ.

"ತಗೊಂಡೇನಲ್ಲ. ಗೋಡಿದು."

"ಬಾಗಲದ್ದು?"

"ಬಾಗಲಕ್ಕ ಯಾರ ಪುಸ್ತಕ ಇಡ್ತಾರ?"

ಬಡಿಗೇರ ಕಾಕಾ ತನ್ನದೇನೂ ತಪ್ಪಿಲ್ಲ ಅಂತ ಬೀಡಿ ಹಚ್ಚಿ ದೂರ ಕೂತ. ನಡುವೆ ಕೊಯ್ದು ಎರಡು ಭಾಗ ಮಾಡಿ ಒಳಗೆ ಜೋಡಿಸಬಹುದು ಅಂದ. ಕೊಯ್ಯುವುದಾದರೆ ಮೊದಲು ನಿಮ್ಮಿಬ್ಬರನ್ನು ಕೊಯ್ಯುತ್ತೇನೆ ಅಂತ ನಾನು ಅಂದದ್ದು ಓಣಿಯ ತುದಿಗೆ ಕೇಳಿಸಿತಂತೆ.

ಆ ಮಾತಿಗೆ ಮನೆ ಮಾಲೀಕರು ಹೊರಗೆ ಬಂದರು. ಪಕ್ಕದ ಮನೆಯಲ್ಲೇ ಇದ್ದವರು, ಗೋಡೆಗೆ ಮೊಳೆ ಹೊಡೆದರೂ ತಮ್ಮ ಎದೆಗೆ ಹೊಡೆದ ಹಾಗೆ ಓಡಿಬರುವವರು. ಕಿಟಕಿಯ ಚೌಕಟ್ಟು ಬಿಚ್ಚಿ ಒಳಗೆ ತೂರಿಸುತ್ತೇವೆ ಅಂದಾಗ ಅವರ ಮುಖ ಕೆಂಪಗಾಯಿತು. ಅಂಗಳದಲ್ಲಿ ದೋಣಿ ಹೀಗೇ ಬಿದ್ದರೆ ನಿಮ್ಮ ಸೈಕಲ್ ಮೋಟಾರು ಹೊರಗೆ ಬರುವುದಿಲ್ಲ ಅಂತ ನಮ್ಮವರು ತೋರಿಸಿಕೊಟ್ಟ ಮೇಲೆ ಒಪ್ಪಿದರು. ಚೌಕಟ್ಟು ಬಿಚ್ಚಿ, ಓಣಿಯ ಗಂಡಸರೆಲ್ಲ ಸೇರಿ, ಹೇಗೋ ದೋಣಿ ಒಳಗೆ ಹೋಯಿತು. ಚೌಕಟ್ಟನ್ನು ಸಿಮೆಂಟು ಹಾಕಿ ಭದ್ರ ಮಾಡಿದ ಮೇಲೆ ಮಾಲೀಕರು ನಿಧಾನಕ್ಕೆ ಕೇಳಿದರು: "ಮನಿ ಬಿಡೂ ಮುಂದ ಇದನ್ನ ಹೆಂಗ ಹೊರಗ ತಗೀತೀರಿ?"

ನಮ್ಮವರು ನಕ್ಕು, "ಸದ್ಯಕ್ಕ ಬಿಡಂಗಿಲ್ಲ ತಗೋರಿ" ಅಂದುಬಿಟ್ಟರು.

ಅಲ್ಲಿಂದ ಮುಂದೆ ನಲ್ಲಿ ಸೋರಲಿ, ಹೆಂಚು ಒಡೆಯಲಿ, ಮಾಲೀಕರು ಕೈ ಹಚ್ಚಲಿಲ್ಲ. ನಾನು ಸಿಟ್ಟಿಗೆದ್ದು, "ಹಿಂಗಾದ್ರ ನಾವು ಬ್ಯಾರೆ ಮನಿ ನೋಡ್ಕೋತೀವಿ" ಅಂದಾಗೆಲ್ಲ ಅವರು ಕಿಟಕಿಯಿಂದ ದೋಣಿಯನ್ನು ಇಣುಕಿ ನೋಡಿ, "ನೋಡ್ಕೋರಿ" ಅನ್ನುತ್ತಿದ್ದರು.

ದಪ್ಪ ಪುಸ್ತಕ

ಕಪಾಟಿನಲ್ಲಿ ಪುಸ್ತಕ ಇಟ್ಟು ಒಂದು ವಾರ ಆಗಿರಲಿಲ್ಲ. ಮೇಲಿನ ಹಲಗೆಯಲ್ಲಿ ಅತ್ತಿಯ ಮಾವಿನಕಾಯಿ ಉಪ್ಪಿನಕಾಯಿ ಭರಣಿ ಬಂದು ಕೂತಿತು. ಯಾಕೆ ಅಂದರೆ, "ದೋಣ್ಯಾಗ ನಾಕ ಮಂದಿ ಕುಂಡರೂದಿಲ್ಲೇನು?" ಅಂದರು. ಆ ಭರಣಿಯನ್ನು ನಾನು ಅಡುಗೆಮನೆಗೆ ಒಯ್ಯುವುದು, ಅವರು ವಾಪಸ್ಸು ತರುವುದು, ಇದೇ ಆಯಿತು.

ಬಂದ ನೆಂಟರು ದೋಣಿಯನ್ನು ಮುಟ್ಟಿ ನೋಡುವರು, ಕಟ್ಟಿಗೆ ಯಾವುದು ಅಂತ ಕೇಳುವರು. ಒಳಗಿನ ಪುಸ್ತಕ ಒಂದನ್ನೂ ಯಾರೂ ತೆಗೆದು ನೋಡಲಿಲ್ಲ. ಅದೇ ನನಗೆ ಒಳಗೊಳಗೆ ಉರಿಯುತ್ತಿತ್ತು. ಹೀಗಿರುವಾಗ ಎದುರು ಮನೆಯ ವಹಿನಿ ಒಂದು ರವಿವಾರ ಬಂದು, "ಬಾಯಾರ, ನಿಮ್ಮ ಕಡೆ ದಪ್ಪಂದ ಒಂದ ಪುಸ್ತಕ ಇದ್ರ ಕೊಡ್ರಿ" ಅಂದರು.

ನನಗೆ ಕಣ್ಣು ತುಂಬಿ ಬಂತು. ಯಾವ ವಿಷಯದ್ದು ಬೇಕು ಅಂದೆ. "ಯಾವುದಾದ್ರೂ ನಡೀತೈತ್ರಿ, ದಪ್ಪ ಇರಬೇಕು" ಅಂದರು. ಓದುವ ಹಸಿವು ಅಂದರೆ ಇದು ಅಂದುಕೊಂಡು ನನ್ನ ಹತ್ತಿರ ಇದ್ದ ಎಲ್ಲಕ್ಕಿಂತ ದಪ್ಪ ಕಾದಂಬರಿಗೆ ಹೊಸ ರಟ್ಟು ಹಾಕಿ ಕೊಟ್ಟೆ. ಅವರಿಗೆ ಮರಾಠಿಯಷ್ಟು ಕನ್ನಡ ಸಲೀಸಲ್ಲ ಅಂತ ಗೊತ್ತಿತ್ತು. ಎಲ್ಲಾದರೂ ತಿಳಿಯದಿದ್ದರೆ ಕೇಳಿ, ನಾನೇ ಬಂದು ಹೇಳುತ್ತೇನೆ ಅಂತಲೂ ಅಂದೆ.

ಮರುದಿನ ಸಂಜೆ ತಡೆಯದೆ ಅವರ ಮನೆಗೆ ಹೋದೆ. ಅಡುಗೆಮನೆಯಲ್ಲಿ ಜರಡಿಯ ಮೇಲೆ ಬಿಳಿ ಬಟ್ಟೆಯಲ್ಲಿ ಕಟ್ಟಿದ ಮೊಸರು, ಅದರ ಮೇಲೊಂದು ತಾಟು, ತಾಟಿನ ಮೇಲೆ ನನ್ನ ಕಾದಂಬರಿ. ಕೆಳಗಿನ ಪಾತೇಲಿಯ ತುಂಬ ನೀರು ಇಳಿದಿತ್ತು.

"ಮುದ್ದಾಮ ಶ್ರೀಖಂಡ ಮಾಡಾಕತ್ತೀನ್ರಿ," ಅಂದರು ವಹಿನಿ. "ಕಲ್ಲ ಇಟ್ರ ಉರಳತೈತಿ. ನಿಮ್ಮ ಪುಸ್ತಕ ಭಾಳ ಛಲೋ ಐತ್ರಿ ಬಾಯಾರ, ಒಂದ ರಾತ್ರ್ಯಾಗ ಎಲ್ಲಾ ನೀರ ಹಿಂಡೇತಿ. ಎರಡನೇ ಭಾಗ ಇದ್ರ ಅದನ್ನೂ ಕೊಡ್ರಿ."

ಬಾಯಾರದು

ಕಡೆಗೂ ರಾಯಬಾಗದಲ್ಲಿ ನಾವು ಸ್ವಂತ ಮನೆ ಕಟ್ಟಿಸಿದೆವು. ಬಾಗಿಲ ಅಳತೆಯನ್ನು ನಾನೇ ನಿಂತು ಹಿಡಿಸಿದೆ. ಸಾಮಾನು ಸಾಗಿಸಲು ನಮ್ಮವರು ಕಬ್ಬು ಹೇರುವ ಟ್ರ್ಯಾಕ್ಟರ್ ಟ್ರಾಲಿ ಹೇಳಿದರು. ಟೆಂಪೋ ಹೇಳಿರಿ ಅಂದಿದ್ದೆ, ಕೇಳಲಿಲ್ಲ. ಆ ಬೆಳಿಗ್ಗೆ ಅದಕ್ಕೇ ನಮ್ಮಿಬ್ಬರಿಗೂ ಮಾತು ಬಿಟ್ಟಿತ್ತು.

ಮಾಲೀಕರಿಗೆ ಖರ್ಚು ಕಟ್ಟಿಕೊಟ್ಟು, ಅದೇ ಕಿಟಕಿಯ ಚೌಕಟ್ಟು ಒಡೆಸಿ ಹೊರಗೆ ತೆಗೆದ ದೋಣಿಯನ್ನು ಟ್ರಾಲಿಯ ನಡುವೆ ಉದ್ದಕ್ಕೆ ಮಲಗಿಸಿದರು. ಧೂಳು ಹತ್ತಬಾರದು ಅಂತ ಮೇಲೆ ಒಂದು ಬಿಳಿ ಧೋತರ ಹೊದಿಸಿ ಹಗ್ಗ ಬಿಗಿದರು. ಹೊಸ ಮನೆಗೆ ಹೋಗುವ ದಿನ ಅಂತ ಅತ್ತಿ ಅದರ ಮೇಲೆ ಚೆಂಡುಹೂವಿನ ಮಾಲೆ ಹಾಕಿದರು. ತಲೆಯ ಕಡೆ ತುಳಸಿ ಕುಂಡ ಇಟ್ಟುಕೊಂಡು ತಾವು ಕೂತರು. ಓಣಿಯ ಹೆಂಗಸರು ಬೀಳ್ಕೊಟ್ಟದ್ದಕ್ಕೆ ಅತ್ತಿಯ ಅಳು ನಿಂತಿರಲಿಲ್ಲ. ದೋಣಿ ಅಲ್ಲಾಡದಂತೆ ಈ ಕಡೆ ನಮ್ಮವರು, ಆ ಕಡೆ ಬಡಿಗೇರ ಕಾಕಾ ಕೈ ಹಚ್ಚಿ ತಲೆ ತಗ್ಗಿಸಿ ಕೂತಿದ್ದರು. ನಾನು ಹಿಂದೆ ಪುಸ್ತಕದ ಡಬ್ಬಿಗಳ ನಡುವೆ, ಮುಖದ ತುಂಬ ಸೆರಗು ಹೊದ್ದು, ಎಲ್ಲರಿಗೂ ಬೆನ್ನು ತಿರುಗಿಸಿ ಕೂತಿದ್ದೆ.

ಹೊಳೆ ದಾಟಿ ಕುಡಚಿ ಬಂತು. ರಸ್ತೆಯ ಮೇಲಿನವರು ನಿಂತು ಕೈ ಮುಗಿಯುತ್ತಿದ್ದರು. ಹಿಂದಿನಿಂದ ಬಂದ ಮೋಟಾರ್ ಸೈಕಲ್ಲುಗಳು ಮುಂದೆ ಹೋಗದೆ ನಿಧಾನಕ್ಕೆ ನಮ್ಮ ಬೆನ್ನು ಹತ್ತಿದವು. ಈ ಕಡೆಯ ಮಂದಿಯನ್ನು ದೊಡ್ಡ ದವಾಖಾನೆ ಅಂದರೆ ಮಿರಜಿಗೇ ಒಯ್ಯುವುದು. ಉಳಿಯದವರನ್ನು ಅಲ್ಲಿಂದ ಹೀಗೆ ತರುವುದನ್ನು ಎಲ್ಲರೂ ನೋಡಿದವರೇ. ಅಂಗಡಿಯವರೊಬ್ಬರು ಟ್ರಾಲಿಯ ಹತ್ತಿರ ಬಂದು ಸಣ್ಣ ದನಿಯಲ್ಲಿ, "ಯಾರದ್ರಿ?" ಅಂದರು.

ಕಪಾಟು ಯಾರದು ಅಂತ ಕೇಳಿದರು ಅಂದುಕೊಂಡ ಬಡಿಗೇರ ಕಾಕಾ, "ಬಾಯಾರದ್ರಿ, ರಾಯಬಾಗ ಹೈಸ್ಕೂಲಿನವರದು" ಅಂದ.

ಆ ಅಂಗಡಿಯವರ ಮಗಳು ನಮ್ಮ ಸಾಲಿಯಲ್ಲಿ ಓದುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಮ್ಮವರ ಮೊಬೈಲಿಗೆ ಹೆಡ್‌ಮಾಸ್ತರರ ಫೋನು ಬಂತು. ಟ್ರ್ಯಾಕ್ಟರ್ ಸಪ್ಪಳದಲ್ಲಿ ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ನಮ್ಮವರ ಮಾತು ಮಾತ್ರ ನನಗೆ ಕೇಳಿಸಿತು.

"ಹೌದ್ರಿ ಸರ್, ತರಾಕತ್ತೀವಿ... ಏನ್ ಮಾಡೂದ್ರಿ, ಇವತ್ತಲ್ಲಾ ನಾಳೆ ಒಯ್ಯೂದ ಇತ್ತು... ಇಲ್ರಿ, ತ್ರಾಸೇನಿಲ್ಲ, ನಾಕ ಮಂದಿ ಹೊರಾಕ ಬೇಕಾಗ್ತಾರ, ಅಷ್ಟ."

ಫೋನು ಇಟ್ಟು, "ನಿಮ್ಮ ಹೆಡ್‌ಮಾಸ್ತರ ಭಾಳ ಛಲೋ ಮನಶ್ಯಾ. ಎಲ್ಲಾರನ್ನೂ ಕರಕೊಂಡ ಬರ್ತೀನಿ ಅಂದ್ರು" ಅಂತ ನನ್ನ ಬೆನ್ನಿಗೆ ಹೇಳಿದರು.

ಹೊಸ ಮನೆಯ ಓಣಿ ಹೊಕ್ಕಾಗ ನಮ್ಮ ಇಡೀ ಸಾಲಿ ಅಲ್ಲಿತ್ತು. ಮಕ್ಕಳು ಸಾಲಾಗಿ ನಿಂತಿದ್ದರು. ಮಾಸ್ತರರ ಕೈಯಲ್ಲಿ ಹಾರ. ಹೆಡ್‌ಮಾಸ್ತರರು ನಮ್ಮ ಕಟ್ಟೆಯ ಮೇಲೆ ನಿಂತು ಮಾತಾಡುತ್ತಿದ್ದರು. ಟ್ರ್ಯಾಕ್ಟರ್ ಬಂದ್ ಆದದ್ದೇ ಅವರ ಧ್ವನಿ ಸ್ಪಷ್ಟ ಕೇಳಿಸಿತು.

"ಬಾಯಾರಿಗೆ ಸಿಟ್ಟ ಇತ್ತು. ಇತ್ತು ಅಂದ್ರ, ಭಾಳ ಇತ್ತು. ನಾನೂ ಅವರ ಮುಂದ ಎದರ ಮಾತಾಡ್ತಿದ್ದಿಲ್ಲ. ಆದ್ರ ಇನ್ನ ಮ್ಯಾಲ ಬೈಯಾವ್ರು ಯಾರ ಅದಾರ ನಮಗ..."

ನಾನು ಸೆರಗು ತೆಗೆದು ಟ್ರಾಲಿಯ ಮೇಲೆ ಎದ್ದು ನಿಂತೆ. "ಯಾರಿಗ್ರೀ ಸರ್ ಸಿಟ್ಟು?" ಅಂದೆ.

ಮುಂದಿನ ಸಾಲಿನ ಮಕ್ಕಳು ಹಿಂದಿನ ಸಾಲಿನವರ ಮೇಲೆ ಬಿದ್ದರು. ಚಿತ್ರಕಲೆಯ ಮಾಸ್ತರರು ಕೈಯಲ್ಲಿದ್ದ ಹಾರವನ್ನು ಎಲ್ಲಿಡಬೇಕು ಗೊತ್ತಾಗದೆ ಟ್ರ್ಯಾಕ್ಟರ್ ಡ್ರೈವರನ ಕೊರಳಿಗೆ ಹಾಕಿಬಿಟ್ಟರು. ನಾನು ಇಳಿದು, ಧೋತರ ಎಳೆದು, ದೋಣಿ ತೋರಿಸಿ, ನಮ್ಮವರಿಂದ ಹಿಡಿದು ಹೆಡ್‌ಮಾಸ್ತರರ ತನಕ ಯಾರನ್ನೂ ಬಿಡದೆ ಬೈದೆ. ಎಲ್ಲರೂ ತಲೆ ತಗ್ಗಿಸಿ ಕೇಳಿದರು. ಆಮೇಲೆ ಅದೇ ಮಾಸ್ತರರು ದೋಣಿಯನ್ನು ಹೆಗಲ ಮೇಲೆ ಹೊತ್ತು ಒಳಗೆ ತಂದು ಗೋಡೆಗೆ ನಿಲ್ಲಿಸಿದರು.

ಎಲ್ಲರೂ ಹೋದ ಮೇಲೆ ಹೆಡ್‌ಮಾಸ್ತರರು ಒಬ್ಬರೇ ಬಾಗಿಲಲ್ಲಿ ಉಳಿದರು. ಹೋಗಲು ಚಪ್ಪಲಿ ಮೆಟ್ಟಿದರು, ಮತ್ತೆ ಬಿಟ್ಟರು.

"ಹೇಳ್ರಿ ಸರ್" ಅಂದೆ.

"ಸಿಟ್ಟಾಗಬ್ಯಾಡ್ರಿ ಬಾಯಾರ. ನೀವು ತೀರ್ಕೊಂಡೀರಂತ ಸಾಲಿಗೆ ರಜಾ ಕೊಟ್ಟ, ಮ್ಯಾಲಿನ ಆಫೀಸಿಗೂ ತಿಳಿಸಿಬಿಟ್ಟೀನಿ. ಈಗ ಇಲ್ಲ ಅಂದ್ರ ನನ್ನ ನೌಕರಿಗೆ ಬರತೈತಿ. ಇವತ್ತೊಂದ ದಿನಾ ದಯಮಾಡಿ ಹೊರಗ ಬರಬ್ಯಾಡ್ರಿ. ನಾಳೆ ಹೆಂಗಾದ್ರೂ ಮಾಡಿ ನಿಮ್ಮನ್ನ ಹಾಜರ ಮಾಡ್ಕೋತೀನಿ."

ಆ ದಿನ ನಾನು ಯಾರಿಗೂ ಎದುರು ಮಾತಾಡದೆ ಒಪ್ಪಿದ್ದು ಅದೊಂದೇ ಮಾತಿಗೆ. ಒಳಗಿನಿಂದ ಚಿಲಕ ಹಾಕಿಕೊಂಡೆ. ಡಬ್ಬಿ ಬಿಚ್ಚಿ ಪುಸ್ತಕ ಜೋಡಿಸುತ್ತ ಕೂತೆ. ಮದುವೆಯಾದ ಮೇಲೆ ಯಾರೂ ಕರೆಯದೆ, ಯಾರೂ ಏನೂ ಕೇಳದೆ ಇಡೀ ಒಂದು ದಿನ ಓದಲು ಸಿಕ್ಕದ್ದು ನಾನು ಸತ್ತ ದಿನವೇ.