ನಾಲ್ಕು ಕಪ್ ಮೈದಾ ಪ್ರಕರಣ: ಅಡುಗೆಮನೆಗೆ ಮರುಪ್ರವೇಶ ಕೋರಿ

ಇಂದ,
ತಮ್ಮ ಗಂಡ,
ಇಪ್ಪತ್ತಾರು ವರ್ಷದಿಂದ ಲಾರಿ ತೂಗುವ ವೇಬ್ರಿಡ್ಜಿನ ಗುಮಾಸ್ತ,
ಸದ್ಯದ ವಿಳಾಸ: ಮುಂದಿನ ಕೋಣೆಯ ಸೋಫಾ.

ಗೆ,
ಮನೆಯೊಡತಿ ಹಾಗೂ ಕೇಕ್ ವಿಭಾಗದ ಮುಖ್ಯಸ್ಥರು,
ಅಡುಗೆಮನೆ (ಸೋಫಾದಿಂದ ಹನ್ನೊಂದು ಹೆಜ್ಜೆ).

ವಿಷಯ: ಗ್ರಾಂ ಲೆಕ್ಕವನ್ನು ಕಪ್ ಲೆಕ್ಕಕ್ಕೆ ತಿರುಗಿಸಲು ಹೋಗಿ ತಮ್ಮ ಮೊದಲ ಹೊರಗಿನ ಆರ್ಡರನ್ನು ಹಾಳುಗೆಡವಿದ್ದಕ್ಕೆ ಕ್ಷಮೆ ಕೋರಿ.

ಉಲ್ಲೇಖ: 1. ಫ್ರಿಜ್ಜಿನ ಬಾಗಿಲಿಗೆ ತಾವು ಅಂಟಿಸಿದ ಚೀಟಿ: "ಗ್ಯಾಸ್ ಬುಕ್ ಮಾಡಿ."
2. ಭಾನುವಾರದಿಂದ ಜಾರಿಯಲ್ಲಿರುವ ತಮ್ಮ ಮೌನ.

ಮಾನ್ಯರೇ,

ಮೇಲ್ಕಂಡ ವಿಷಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ಆರು ವರ್ಷ ಬರೀ ನೆಂಟರಿಷ್ಟರಿಗೆ ಕೇಕ್ ಮಾಡಿಕೊಟ್ಟ ತಮಗೆ, ಮಗಳ ಶಾಲೆಯ ಹೆಡ್‌ಮೇಡಂ ಕಡೆಯಿಂದ, ಟೀಚರೊಬ್ಬರ ಬೀಳ್ಕೊಡುಗೆಗೆಂದು ನಲವತ್ತು ಜನರ ಆರ್ಡರು ಬಂದಿತ್ತು. ಚೆನ್ನಾಗಾದರೆ ಶಾಲೆಯ ಎಲ್ಲ ಸಮಾರಂಭಕ್ಕೂ ತಮ್ಮದೇ ಕೇಕ್ ಎಂದು ಅವರು ಮಾತು ಕೊಟ್ಟಿದ್ದರು. ಭಾನುವಾರ ಬೆಳಿಗ್ಗೆ ತಮ್ಮ ಎಲೆಕ್ಟ್ರಾನಿಕ್ ತಕ್ಕಡಿ ಆನ್ ಆಗಲಿಲ್ಲ. ತಮ್ಮ ಪುಸ್ತಕದಲ್ಲಿ ಸಕಲವೂ ಗ್ರಾಂನಲ್ಲಿ ಇದ್ದ ಕಾರಣ ತಾವು ತಲೆ ಮೇಲೆ ಕೈಹೊತ್ತು ಕುಳಿತಿರಿ. ಯಾರೂ ಕರೆಯದಿದ್ದರೂ ಅರ್ಜಿದಾರನು ಪೆನ್ನು ಹಿಡಿದು ಒಳಗೆ ಬಂದನು.

2. ಕಪ್ಪಿನಲ್ಲಿ 240 ಮಿಲಿ ನೀರು ಹಿಡಿಯುತ್ತದೆ, ನೀರಿನ ತೂಕ 240 ಗ್ರಾಂ, ಆದ್ದರಿಂದ ಮೈದಾವೂ 240 ಗ್ರಾಂ, ಆದ್ದರಿಂದ 960 ಗ್ರಾಂ ಮೈದಾ ಎಂದರೆ ನಾಲ್ಕೇ ಕಪ್ ಎಂದು ಪಟ್ಟಿ ಬರೆದು, ಕೆಳಗೆ ಸಹಿಯನ್ನೂ ಹಾಕಿದನು. ವೇಬ್ರಿಡ್ಜಿನಲ್ಲಿ ಲಾರಿಯೊಳಗೆ ಹತ್ತಿಯೋ ಕಬ್ಬಿಣವೋ ಎಂದು ಇಣುಕುವ ಪದ್ಧತಿಯಿಲ್ಲ. ಅಂಕಿ ಬಂತು, ಚೀಟಿ ಹರಿದಾಯಿತು, ಮುಂದಿನ ಲಾರಿ. ಹತ್ತಿ ಲಾರಿ ಅಷ್ಟೆತ್ತರ ಏಕಿರುತ್ತದೆಂದು ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಯೋಚಿಸದ ಮಹಾನುಭಾವನಿವನು.

3. ಕಲಸುವಾಗ ತಾವು, "ಹಿಟ್ಟು ಕಮ್ಮಿ ಆಯ್ತು ಅನ್ಸಲ್ವೇನ್ರೀ? ಕೈಗೇ ಗೊತ್ತಾಗ್ತಿದೆ," ಎಂದಿರಿ. ಅದಕ್ಕೆ ಅರ್ಜಿದಾರನು, "ತೂಕದಲ್ಲೇ ಕೂದಲು ಹಣ್ಣಾದೋನು ನಾನು. ನನಗೇ ಪಾಠ ಹೇಳ್ತೀಯಾ?" ಎಂದನು. ತಾವು ತಮ್ಮ ಕೈಯನ್ನು ಬಿಟ್ಟು ಇವನ ಸಹಿಯನ್ನು ನಂಬಿದಿರಿ.

4. ಕೇಕ್ ಓವನ್ನಿನಲ್ಲಿ ಉಬ್ಬಿತು, ನಂತರ ನಡುವೆ ಕುಸಿದು ಹೊಂಡವಾಯಿತು. ಮಗಳು ಬಗ್ಗಿ ನೋಡಿ, "ಅಪ್ಪಾ, ಇದನ್ನ ತಿನ್ನೋದಾ, ಕುಡಿಯೋದಾ?" ಎಂದಳು. ತಾವು ಹೆಡ್‌ಮೇಡಂಗೆ ಫೋನ್ ಮಾಡಿ, "ಕೇಕ್ ಆಗ್ಲಿಲ್ಲ ಮೇಡಂ, ನನ್ನದೇ ತಪ್ಪು," ಎಂದಿರಿ. ಅರ್ಜಿದಾರನು ಪಕ್ಕದಲ್ಲೇ ನಿಂತಿದ್ದನು. ಬಾಯಲ್ಲಿ ಕಡುಬು ತುರುಕಿದವನಂತೆ ಸುಮ್ಮನಿದ್ದನು. ಅದು ಇವತ್ತಿಗೂ ಚುಚ್ಚುತ್ತಿದೆ.

5. ಇದುವರೆಗೆ ಕಡತಕ್ಕೆ ಬಾರದ ಸಂಗತಿ: ತಕ್ಕಡಿ ಕೆಟ್ಟಿರಲಿಲ್ಲ. ಶನಿವಾರ ಮ್ಯಾಚ್ ನೋಡಲು ಅದರ ಎರಡು ಸೆಲ್ಲುಗಳನ್ನು ತೆಗೆದು ಟಿವಿ ರಿಮೋಟಿಗೆ ಹಾಕಿದವನು ಇದೇ ಅರ್ಜಿದಾರ. ನಮ್ಮವರು ಆ ಮ್ಯಾಚನ್ನೂ ಸೋತರು.

6. ನಂತರ ಸೆಲ್ಲು ಹಾಕಿ ಏಳು ಬಾರಿ ತೂಗಲಾಗಿ, ಒಂದು ಕಪ್ ಮೈದಾ 120 ಗ್ರಾಂ ಆಸುಪಾಸು ಎಂದು ತಿಳಿದುಬಂದಿದೆ. ಎಂಟು ಕಪ್ ಬೇಕಿತ್ತು. ತಮ್ಮ ಕೈ ಹೇಳಿದ್ದೇ ಸರಿ.

ಕಾರಣ, ಶಾಲೆಗೆ ಹೋಗಿ ಹೆಡ್‌ಮೇಡಂ ಎದುರು ತಪ್ಪು ಯಾರದೆಂದು ಖುದ್ದಾಗಿ ಒಪ್ಪಿಕೊಳ್ಳಲು ಅನುಮತಿ ನೀಡಬೇಕು. ಅಡುಗೆಮನೆಯಲ್ಲಿ ಹಿಟ್ಟು ಜರಡಿ ಹಿಡಿಯುವ, ಪಾತ್ರೆ ತೊಳೆಯುವ, ಬಾಯಿ ಮುಚ್ಚಿಕೊಂಡಿರುವ ಹುದ್ದೆಗೆ ತಾತ್ಕಾಲಿಕವಾಗಿಯಾದರೂ ಪರಿಗಣಿಸಬೇಕು.

ಅರ್ಜಿಯನ್ನು ತಿರಸ್ಕರಿಸುವ ಪೂರ್ಣ ಅಧಿಕಾರ ತಮಗಿದೆ. ಆದರೆ ದಯವಿಟ್ಟು ಚೀಟಿಯಲ್ಲಿ ಬರೆದು ಅಂಟಿಸಬೇಡಿ. ಎದುರಿಗೆ ಕೂರಿಸಿಕೊಂಡು, ಬಾಯಿಬಿಟ್ಟು, ಎಷ್ಟು ಹೊತ್ತಾದರೂ ಸರಿ, ಬೈದು ತಿರಸ್ಕರಿಸಬೇಕಾಗಿ ಪ್ರಾರ್ಥನೆ.

ತಾವು ನಂಬಿ ಕೆಟ್ಟ,
ತಮ್ಮ ವಿಶ್ವಾಸಿ

ಲಗತ್ತುಗಳು:
1. ಹೊಸ ಸೆಲ್ಲು, ಎರಡು.
2. ತಿದ್ದಿದ ಕಪ್ ಪಟ್ಟಿ (ಸಹಿ ಹಾಕಿಲ್ಲ, ತಮ್ಮ ಕೈ ಒಪ್ಪಿದ ಮೇಲೆ ತಾವೇ ಹಾಕಬೇಕು).
3. ಗ್ಯಾಸ್ ಬುಕ್ ಮಾಡಿದ ರಸೀದಿ.
4. ಸದರಿ ಕೇಕ್ ಲಗತ್ತಿಸಿಲ್ಲ. ನಾಲ್ಕು ದಿನದಿಂದ ಅರ್ಜಿದಾರನೇ ಚಮಚದಲ್ಲಿ ತಿನ್ನುತ್ತಿದ್ದು, ಇನ್ನೂ ಅರ್ಧ ಬಾಕಿ ಇದೆ.