ಮಾವನ ಹನ್ನೊಂದು ಬಿಳುಪು

ಬಿಳಿ ಬಣ್ಣವನ್ನು ನಮ್ಮ ಮಾವನಷ್ಟು ಅನುಮಾನದಿಂದ ನೋಡಿದ ಮನುಷ್ಯ ಇಡೀ ತಿರುಪ್ಪೂರಿನಲ್ಲಿ ಇನ್ನೊಬ್ಬರಿರಲಾರರು. ಅನ್ನ ಬಡಿಸಿದರೆ ಎಲೆಯ ಮೇಲೆ ಬಗ್ಗಿ, "ಇವತ್ತು ಸ್ವಲ್ಪ ಹಳದಿಗೆ ಹೋಗಿದೆ" ಎನ್ನುವವರು! ಹಾಲಿನವನನ್ನೂ ಬಿಡುತ್ತಿರಲಿಲ್ಲ. "ನಿನ್ನೆಯ ಹಾಲು ಬೇರೆ ಶೇಡು, ಇವತ್ತಿನದು ಬೇರೆ. ಏನಪ್ಪಾ, ಹಸು ಬದಲಾಯಿಸಿದೆಯಾ?" ಅವನು ಎಮ್ಮೆ ಹಾಲು ಬೆರೆಸಿದ್ದನ್ನು ನಾಲಗೆಗೆ ಮುಂಚೆ ಕಣ್ಣಿನಿಂದ ಹಿಡಿದ ಕೀರ್ತಿ ಮಾವನದು.

ಅಂಥ ಮಾವ ಪ್ರೊಜೆಕ್ಟರ್ ಕೊಳ್ಳಲು ಹೊರಟರು. ಅಂಗಡಿಯವರ ಗ್ರಹಚಾರ!

ಕೊಯಮತ್ತೂರಿನ ಒಂದು ಅಂಗಡಿಯ ಮೊದಲ ಮಹಡಿಯಲ್ಲಿ, ಕಪ್ಪು ಪರದೆ ಇಳಿಬಿಟ್ಟ ಕೋಣೆಯೊಳಗೆ ಆ ದಿನ ಮೂವರಿದ್ದೆವು: ಮಾವ, ನಾನು, ಅಂಗಡಿಯ ಯಜಮಾನರು. ನಾಲ್ಕನೆಯವರು ಅತ್ತೆ. ಅವರು ಕೆಳಗೆ ಬೇವಿನ ಮರದ ನೆರಳಲ್ಲಿ ನಿಲ್ಲಿಸಿದ್ದ ವ್ಯಾನಿನಲ್ಲಿ ಕುಳಿತಿದ್ದರು. ಮಂಡಿ ನೋವು, ಮೆಟ್ಟಿಲು ಹತ್ತುವ ಹಾಗಿರಲಿಲ್ಲ. ನಾನು ಸಿಂಗಾನಲ್ಲೂರಿನಲ್ಲಿ ಕೆಲಸಕ್ಕಿದ್ದೆ. ಪಲ್ಲಡಂ ದಾರಿಯಲ್ಲಿ ಬಂದ ಮಾವನ ವ್ಯಾನು ಬಸ್ ನಿಲ್ದಾಣದ ಮುಂದೆ ನನ್ನನ್ನು ಹತ್ತಿಸಿಕೊಂಡಿತ್ತು. "ಏನ್ ಮಾಪ್ಳೆ, ನೀನು ಓದಿದವನು. ಅವರು ಇಂಗ್ಲಿಷ್‌ನಲ್ಲಿ ಮೋಸ ಮಾಡಿದರೆ ನೀನು ನೋಡಿಕೋ. ಬಣ್ಣದಲ್ಲಿ ಮೋಸ ಮಾಡಿದರೆ ನಾನು ನೋಡಿಕೊಳ್ತೀನಿ" ಎಂದು ಅಳಿಯನಾದ ನನಗೂ ತಮಗೂ ಕೆಲಸ ಹಂಚಿಯೂ ಆಗಿತ್ತು.

ಯಜಮಾನರು ಪ್ರೊಜೆಕ್ಟರ್ ಹಚ್ಚಿದರು. ಎದುರಿನ ಬಿಳಿ ಪರದೆಯ ಮೇಲೆ ಒಂದು ಜಲಪಾತ ಬಿತ್ತು. ಒಂದು ಗಿಣಿ ಕೊರಳು ತಿರುಗಿಸಿತು. "ಹೈ ಡೆಫಿನಿಷನ್ ಸಾರ್! ಪುಕ್ಕ ಪುಕ್ಕ ಎಣಿಸಬಹುದು" ಎಂದರು ಯಜಮಾನರು. ನಾನು ಬಾಯಿ ಬಿಟ್ಟುಕೊಂಡು ಎಣಿಸಲು ಶುರು ಮಾಡಿದ್ದೆ. ಮಾವ ಜೇಬಿನಿಂದ ಬೀಡಿ ಕಟ್ಟಿನ ಗಾತ್ರದ ಒಂದು ಬಟ್ಟೆಯ ಕಟ್ಟು ತೆಗೆದರು. ಕೆಂಪು, ಹಸಿರು, ನೀಲಿ, ಅರಿಶಿನ, ಎಲ್ಲ ಎರಡೆರಡು ಇಂಚಿನ ಚೂರುಗಳು. ಕೆಂಪು ಚೂರನ್ನು ಗಿಣಿಯ ಕೊಕ್ಕಿನ ಪಕ್ಕ ಹಿಡಿದರು. ಮಾವನ ತಲೆಯ ನೆರಳು ಜಲಪಾತಕ್ಕಿಂತ ದೊಡ್ಡದಾಗಿ ಬಿತ್ತು.

"ಇದು ಕೆಂಪಲ್ಲ. ಕಿತ್ತಳೆ. ಲೈಟ್ ಹಾಕಿ."

"ಸಾರ್, ಲೈಟ್ ಹಾಕಿದರೆ ಪಿಕ್ಚರ್ ಕಾಣಲ್ಲ."

"ಕತ್ತಲಲ್ಲಿ ನೋಡಿದರೆ ಎಲ್ಲ ಬಣ್ಣವೂ ಒಳ್ಳೆಯದೇ ಸ್ವಾಮಿ! ಮೊದಲು ಟ್ಯೂಬ್‌ಲೈಟ್‌ನಲ್ಲಿ ತೋರಿಸಿ, ಆಮೇಲೆ ಬಲ್ಬಿನಲ್ಲಿ, ಆಮೇಲೆ ಆ ಉತ್ತರದ ಕಿಟಕಿ ತೆಗೆಯಿರಿ."

ಮಾವನನ್ನು ದೂರಿ ಫಲವಿಲ್ಲ. ಮೂವತ್ತು ವರ್ಷ ತಿರುಪ್ಪೂರಿನ ಸಾಯಪಟ್ಟರೆಯಲ್ಲಿ, ಎಂದರೆ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ, ಶೇಡ್ ಮಾಸ್ಟರ್ ಆಗಿದ್ದವರು. ಯಾವುದೋ ದೇಶದ ವ್ಯಾಪಾರಿ ಕಳಿಸಿದ ಬೆರಳಗಲದ ಚೂರಿಗೆ ಸರಿಹೊಂದುವಂತೆ ಬಟ್ಟೆಗೆಲ್ಲ ಬಣ್ಣ ಕೂಡಿಸಿಕೊಡುವುದು ಅವರ ಕೆಲಸ. ಆ ಕೆಲಸದಲ್ಲಿ ಒಂದು ಬಣ್ಣವನ್ನು ಮೂರು ಬೆಳಕಿನಲ್ಲಿ ನೋಡದೆ ಯಾರೂ ತಲೆ ಆಡಿಸುವುದಿಲ್ಲ. ಪ್ರೊಜೆಕ್ಟರ್ ಎಂಬುದು ತಾನೇ ಒಂದು ಬೆಳಕು ಎಂದು ಅವರಿಗೆ ಯಾರು ಹೇಳಬೇಕು? ನಾನು ಹೇಳಿದೆ. "ಹಾಗಾದರೆ ಅದನ್ನು ಇನ್ನೂ ಹುಷಾರಾಗಿ ನೋಡಬೇಕು" ಎಂದರು!

ಯಜಮಾನರು ಸೋತ ದನಿಯಲ್ಲಿ, ಇದರ ದೀಪ ಎರಡು ಸಾವಿರ ಗಂಟೆ ಬರುತ್ತದೆ, ಬರಬರುತ್ತಾ ಸ್ವಲ್ಪ ಮಂಕಾಗುತ್ತದೆ ಎಂದರು. ಮಾವ ನನ್ನ ಕಡೆ ತಿರುಗಿದರು: "ಕೇಳಿಸಿಕೊಂಡೆಯಾ? ಬಣ್ಣ ಬಿಡತ್ತೆ! ನಮ್ಮ ಪಟ್ಟರೆಯಲ್ಲಾಗಿದ್ದರೆ ಲಾಟೇ ವಾಪಸ್."

ಕೆಳಗಿಳಿದು ಬಂದಾಗ ಅತ್ತೆ ವ್ಯಾನಿನ ಕಿಟಕಿಯಿಂದ ಮುಖ ಹೊರಗೆ ಹಾಕಿ ಕೇಳಿದರು: "ಏನುಂಗ, ಸಿಕ್ಕಿತಾ?" ತಮಿಳುನಾಡಿನಲ್ಲಿ ನೆಲೆಸಿದ ನಮ್ಮಂಥ ಕನ್ನಡದವರ ಮನೆಗಳಲ್ಲಿ ಗಂಡನನ್ನು ಕರೆಯುವುದು ಹೀಗೇ, ಕನ್ನಡದ 'ಏನು'ವಿಗೆ ತಮಿಳಿನ ಮರ್ಯಾದೆ ಅಂಟಿಕೊಂಡುಬಿಟ್ಟಿದೆ.

"ಕೆಂಪು ಸರಿಯಿಲ್ಲ."

"ನಾನು ಕೆಂಪು ಕೇಳಿದೆನಾ? ಸಿನಿಮಾ ಕೇಳಿದ್ದು."

ನಿಜ, ಅವರು ಕೇಳಿದ್ದು ಅದೊಂದೇ. ಮದುವೆಯಾದ ವಾರದಿಂದ ಹಿಡಿದು, ಭಾನುವಾರ ಮಧ್ಯಾಹ್ನ ಮಾವ-ಅತ್ತೆ ಥಿಯೇಟರಿಗೆ ಹೋಗದೆ ಇದ್ದದ್ದು ಹೆರಿಗೆಗಳಿಗೆ ಮಾತ್ರ. ಸಿನಿಮಾ ಯಾವುದಾದರೂ ಸರಿ. ಅತ್ತೆ ಮೊದಲ ಹಾಡಿಗೇ ಕಣ್ಣೀರು ಹಾಕುವವರು. ವಿಲನ್‌ಗೆ ಕೂತಲ್ಲಿಂದಲೇ ಶಾಪ ಕೊಡುವವರು. ಮಾವ ಪಕ್ಕದಲ್ಲಿ, "ಅವಳ ಸೀರೆ ಹಿಂದಿನ ಸೀನಿನಲ್ಲಿ ಬೇರೆ ಹಸಿರು ಇತ್ತು" ಎನ್ನುವವರು. ಹೀಗೇ ಎರಡು ಸಿನಿಮಾ ಪಕ್ಕಪಕ್ಕದಲ್ಲೇ ಓಡುತ್ತಿದ್ದವು. ಒಂದು ಭಾನುವಾರ ಬಾಲ್ಕನಿಯ ಮೆಟ್ಟಿಲ ನಡುವೆ ಅತ್ತೆ ಕಂಬಿ ಹಿಡಿದು ನಿಂತುಬಿಟ್ಟರು. ಜನ ಹಿಂದಿನಿಂದ ತಳ್ಳುತ್ತಿದ್ದರು. ಮನೆಗೆ ಬಂದು, "ಇನ್ನು ಸಾಕುಂಗ" ಎಂದರಂತೆ. ಆಪರೇಷನ್ ಎಂದರೆ ಅವರಿಗೆ ಹೆದರಿಕೆ. ಥಿಯೇಟರ್ ಅಲ್ಲಿಗೆ ಮುಗಿಯಿತು. ಆಮೇಲೆ ಭಾನುವಾರ ಮಧ್ಯಾಹ್ನಗಳಲ್ಲಿ ಅತ್ತೆ ಊಟ ಮುಗಿಸಿ, ಒಳ್ಳೆಯ ಸೀರೆ ಉಟ್ಟು, ನಡುಮನೆಯಲ್ಲಿ ಸುಮ್ಮನೆ ಕೂರುತ್ತಿದ್ದರು. ಆ ಸೀರೆ ನೋಡಿಯೇ ಮಾವ ಮಾತು ಕೊಟ್ಟದ್ದು: "ನೀನು ಥಿಯೇಟರಿಗೆ ಹೋಗದಿದ್ದರೆ ಥಿಯೇಟರನ್ನೇ ಕರೆಸ್ತೀನಿ."

"ಟೀವಿ ಇದೆಯಲ್ಲ ಅತ್ತೆ" ಎಂದು ನಾನು ದಡ್ಡನ ಹಾಗೆ ಕೇಳಿದ್ದೆ. ಅತ್ತೆ ಮುದ್ದಿಗೆ ಯಾರನ್ನಾದರೂ 'ಕಣ್ಣು' ಎನ್ನುವವರು.

"ಟೀವಿಯಲ್ಲಿ ಹೀರೋ ನನ್ನ ಅಂಗೈಯಷ್ಟು ಇರ್ತಾನೆ ಕಣ್ಣು. ಅಂಗೈಯಷ್ಟು ಇರೋನಿಗೋಸ್ಕರ ಎಷ್ಟು ಅಳೋಕಾಗತ್ತೆ?"

ಹೀಗೆ ಶುರುವಾದ ಬೇಟೆ ಯುಗಾದಿಯಿಂದ ಆಯುಧಪೂಜೆಯವರೆಗೆ ನಡೆಯಿತು. ಗಾಂಧಿಪುರಂನಲ್ಲಿ ಒಂದು ಅಂಗಡಿ ನಮ್ಮ ವ್ಯಾನು ಕಂಡೊಡನೆ ಊಟದ ವಿರಾಮದ ಬೋರ್ಡು ಹಾಕತೊಡಗಿತು, ಬೆಳಗ್ಗೆ ಹತ್ತೂವರೆಗೆ! ಪ್ರತಿ ಸಲವೂ ಅತ್ತೆ ಕೆಳಗೆ ವ್ಯಾನಿನಲ್ಲಿ, ಪ್ರತಿ ಸಲವೂ "ಸಿಕ್ಕಿತಾ?", ಪ್ರತಿ ಸಲವೂ ನೀಲಿಯೋ ಹಸಿರೋ ಏನೋ ಒಂದು ಸರಿಯಿಲ್ಲ. ಒಂದು ಸಲ ಹಿಂದಿರುಗುವಾಗ ಸೂಲೂರಿನ ಹತ್ತಿರ ಅತ್ತೆ ಕಿಟಕಿಯಾಚೆ ನೋಡುತ್ತಾ, "ನಾನು ಸತ್ತ ಮೇಲೆ ಕೆಂಪು ಸರಿಹೋಗತ್ತೆ ಬಿಡು" ಎಂದರು. ಎಲ್ಲರೂ ನಕ್ಕೆವು. ಮಾವ ಮಾತ್ರ ನಗದೆ, ಪಲ್ಲಡಂ ಬರುವ ತನಕ ಜೇಬಿನ ಮೇಲಿಂದಲೇ ಚೂರುಗಳ ಕಟ್ಟನ್ನು ಸವರುತ್ತಿದ್ದರು.

ಮುಂದಿನ ವಾರವೇ ಹೊರಟರು. ಅಂಗಡಿ ಹೊಸದು. "ಫುಲ್ ಹೈ ಡೆಫಿನಿಷನ್ ಐಯಾ. ಅಡ್ಡಕ್ಕೆ ಸಾವಿರದ ಒಂಬೈನೂರ ಇಪ್ಪತ್ತು ಚುಕ್ಕೆ" ಎಂದರು ಅಲ್ಲಿಯ ಮ್ಯಾನೇಜರ್. ಚುಕ್ಕೆ ಎಂದರೇನು ಎಂದು ನಾನು ವಿವರಿಸಲು ಹೊರಟರೆ ಮಾವ ಕೈ ಅಡ್ಡ ಹಿಡಿದರು. "ಗೊತ್ತಾಯ್ತು. ಹೆಣಿಗೆ ಮಿಷನ್‌ನಲ್ಲಿ ಇಂಚಿಗೆ ಎಷ್ಟು ಸೂಜಿ ಅಂತ ಎಣಿಸ್ತೀವಲ್ಲ, ಅದೇ. ಸೂಜಿ ಜಾಸ್ತಿಯಾದಷ್ಟೂ ಬಟ್ಟೆ ನಯ." ಆರು ತಿಂಗಳಿಂದ ನಾನು ಹೇಳಲಾಗದೆ ಒದ್ದಾಡಿದ್ದನ್ನು ಒಂದು ಉಸಿರಿನಲ್ಲಿ ಮುಗಿಸಿಬಿಟ್ಟರು!

ಅಷ್ಟಕ್ಕೇ ಬಿಡುತ್ತಾರೆಯೇ? ಜೇಬಿನಿಂದ ನೂಲು ಎಣಿಸುವ ಭೂತಗನ್ನಡಿ ಹೊರಬಂತು. ಹಿತ್ತಾಳೆಯದು, ಮಡಚುವಂಥದ್ದು, ಸರಿಯಾಗಿ ಒಂದು ಇಂಚಿನ ಚೌಕ. ಮಾವ ಹೋಗಿ ಪರದೆಗೆ ಮೂಗು ತಾಗಿಸಿ ನಿಂತರು. ಬೆನ್ನ ಮೇಲೆ ಒಂದು ಹಿಮಪರ್ವತ ಹರಡಿಕೊಂಡಿತು. ಬೋಳುತಲೆಯ ಮೇಲೆ ಸೂರ್ಯ ಹುಟ್ಟಿದ. ಒಂದು, ಎರಡು, ಮೂರು... ಮ್ಯಾನೇಜರ್ ನನ್ನ ಮುಖ ನೋಡಿದರು. ನಾನು ಸೀಲಿಂಗ್ ನೋಡಿದೆ.

"ಹದಿಮೂರು" ಎಂದರು ಮಾವ. "ಪರದೆ ಎಂಟು ಅಡಿ ಅಗಲ ತಾನೇ? ತೊಂಬತ್ತಾರು ಇಂಚು. ನೀವು ಹೇಳಿದ ಲೆಕ್ಕಕ್ಕೆ ಇಂಚಿಗೆ ಇಪ್ಪತ್ತು ಬರಬೇಕು. ಬನಿಯನ್ ಅಂತ ಹೇಳಿ ಗೋಣಿಚೀಲ ತೋರಿಸ್ತಾ ಇದೀರಲ್ಲ!"

ಮ್ಯಾನೇಜರ್ ಡಬ್ಬಿ ತಿರುಗಿಸಿ ನೋಡಿದರು, ಪುಸ್ತಕ ಬಿಡಿಸಿ ನೋಡಿದರು. ಯಾರೋ ಕಡಿಮೆ ಚುಕ್ಕೆಯ ಪೆಟ್ಟಿಗೆಯನ್ನು ತಂದು ಜೋಡಿಸಿದ್ದರು! ಮನುಷ್ಯ ಒಳ್ಳೆಯವರು, ಕೈಮುಗಿದರು. ಒಳಗಿನಿಂದ ಬೇರೊಂದು ಪೆಟ್ಟಿಗೆ ಬಂತು. ಮಾವ ಮತ್ತೆ ಮೂಗು ತಾಗಿಸಿದರು. ಇಪ್ಪತ್ತು. ಕೆಂಪು ಚೂರು ಹಿಡಿದರು. ಬಹಳ ಹೊತ್ತು ಹಿಡಿದುಕೊಂಡೇ ಇದ್ದರು. ಆ ಕೆಂಪೂ ಸರಿಯಿರಲಿಲ್ಲ ಎಂದು ನನಗೇ ಕಾಣುತ್ತಿತ್ತು. ಮಾವ ಚೂರನ್ನು ಮಡಚಿ ಜೇಬಿಗೆ ಹಾಕಿಕೊಂಡು, "ಕಟ್ಟಿಕೊಡಿ" ಎಂದರು.

ಅತ್ತೆ ವ್ಯಾನಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದರು.

ಕಥೆ ಮುಗಿಯಿತು ಎಂದುಕೊಂಡಿರಾ? ಪರದೆ ಬೇಡವೇ? ಅಂಗಡಿಯ ಪರದೆ ಕೊಳ್ಳಲು ಮಾವ ಒಪ್ಪಲಿಲ್ಲ. "ಪರದೆ ಅಂದರೆ ಬಟ್ಟೆ. ಬಟ್ಟೆಯನ್ನು ನಾನು ಇನ್ನೊಬ್ಬರ ಹತ್ತಿರ ಕೊಳ್ಳಬೇಕಾ?" ಒಂದು ಬೆಳಗ್ಗೆ ಅಂಗಳದ ತಂತಿಯ ಮೇಲೆ ಸಾಲಾಗಿ ಹನ್ನೊಂದು ಬನಿಯನ್ ಬಟ್ಟೆಗಳು ನೇತಾಡುತ್ತಿದ್ದವು. ಎಲ್ಲವೂ ಬಿಳಿ. ಮಾವನ ಪ್ರಕಾರ ಹನ್ನೊಂದೂ ಬೇರೆ ಬೇರೆ ಬಿಳಿ: ನೀಲಿಗೆ ಹೋಗುವ ಬಿಳಿ, ಕೆಂಪಿಗೆ ಹೋಗುವ ಬಿಳಿ, ಹಾಲಿನ ಬಿಳಿ, ಸುಣ್ಣದ ಬಿಳಿ... ಮನೆಯವರನ್ನೆಲ್ಲ ನಿಲ್ಲಿಸಿ ಆರಿಸಿ ಎಂದರು. ನಾನು ಮೂರನೆಯದು ಎಂದೆ. ಯಾಕೆ ಎಂದರು. ಎರಡನೆಯದರ ಪಕ್ಕದಲ್ಲಿದೆ ಅಂತ ಎಂದೆ. ನನ್ನನ್ನು ಅನರ್ಹಗೊಳಿಸಲಾಯಿತು.

ಅತ್ತೆ ಕೋಲೂರಿಕೊಂಡು ಬಂದು ಕೊನೆಯದನ್ನು ಮುಟ್ಟಿದರು. "ಇದು."

"ಯಾಕೆ?" ಮಾವನ ಮುಖ ಅರಳಿತು.

"ತೆಳ್ಳಗಿದೆ. ಒಗೆಯೋಕೆ ಸುಲಭ."

ಮಾವನಿಗೆ ಉತ್ತರ ಹಿಡಿಸಲಿಲ್ಲ, ಆದರೂ ಅದೇ ಬಟ್ಟೆ ಗೆದ್ದಿತು. ನಡುಮನೆಗೂ ಹಿತ್ತಿಲ ಅಂಗಳಕ್ಕೂ ನಡುವೆ ದೊಡ್ಡ ಕಬ್ಬಿಣದ ಗ್ರಿಲ್ ಇತ್ತು. ಅಷ್ಟು ಅಗಲದ ಜಾಗ ಮನೆಯಲ್ಲಿ ಬೇರೆಲ್ಲೂ ಇರಲಿಲ್ಲ. ಗ್ರಿಲ್ಲಿಗೆ ಬಟ್ಟೆ ಬಿಗಿದರು. ಬನಿಯನ್ ಬಟ್ಟೆಯ ಜಾತಿಯೇ ಹಾಗೆ. ಅಂಚುಗಳು ದೋಸೆಯ ಹಾಗೆ ಸುರುಳಿ ಸುತ್ತಿಕೊಂಡವು. ಕೆಳಗೆ ನೀರಿನ ಪೈಪು ಕಟ್ಟಿ ಎಳೆದರು. ಫ್ಯಾನ್ ಹಾಕಿದರೆ ಹೀರೋಗೆ ಮುಖವೆಲ್ಲ ನಡುಕ ಬರುತ್ತಿತ್ತು; ಫ್ಯಾನ್ ಆರಿಸಿದರು. ಹೈ ಡೆಫಿನಿಷನ್ ಡಿಸ್ಕು ಊರಿನಲ್ಲೇ ಇರಲಿಲ್ಲ. ಬಸ್ ನಿಲ್ದಾಣದ ಹತ್ತಿರ ಸಿಕ್ಕ ಹಳೆಯ ಕುಟುಂಬದ ಸಿನಿಮಾ ಹಾಕಿದರು. ಭಾನುವಾರ ಸಂಜೆ ಏಳು ಗಂಟೆ. ಅತ್ತೆ ಒಳ್ಳೆಯ ಸೀರೆ ಉಟ್ಟು ನಡುವಿನ ಕುರ್ಚಿಯಲ್ಲಿ ಕುಳಿತರು.

ಹೀರೋ ಬಾಗಿಲು ಒದ್ದು ಒಳಗೆ ಬಂದ. ಆಗ ಕೇಳಿಸಿತು ನೋಡಿ, ಪರದೆಯ ಹಿಂದಿನಿಂದ ಒಂದು ವಿಸಿಲ್!

ಮಾವ ಎದ್ದು ಬಟ್ಟೆಯ ಅಂಚು ಸರಿಸಿದರು. ಹಿತ್ತಿಲಲ್ಲಿ ಸಾಲಾಗಿ ಆರು ಬಾಡಿಗೆ ಮನೆಗಳಿದ್ದವು. ಮಧುರೆ ಕಡೆಯಿಂದ ಬನಿಯನ್ ಕಂಪನಿ ಕೆಲಸಕ್ಕೆ ಬಂದವರು ಅಲ್ಲಿದ್ದರು. ಅವರೆಲ್ಲ ಚಾಪೆ ಹಾಸಿ ಕುಳಿತಿದ್ದರು. ತೆಳ್ಳನೆಯ ಹೆಣಿಗೆ ಬಟ್ಟೆ. ಅದರ ಕಣ್ಣುಕಣ್ಣಿನಿಂದಲೂ ಸಿನಿಮಾ ಆಚೆ ಹರಿದುಹೋಗಿತ್ತು. ಆ ಕಡೆ ಎಲ್ಲವೂ ಎಡಬಲ ಅದಲುಬದಲು.

"ಅಕ್ಕಾ, ಈ ಹೀರೋ ಎಡಗೈಯಲ್ಲಿ ಊಟ ಮಾಡ್ತಾನೆ. ಇವನಿಗಾ ನೀವು ಅಳೋದು?" ಎಂದು ಆಚೆಯಿಂದ ಕೇಳಿದವಳು ಕೊನೆಯ ಮನೆಯ ಟೈಲರ್ ಹೆಂಗಸು.

"ಈ ಕಡೆ ಬಲಗೈ ಕಣಮ್ಮಾ! ಮರ್ಯಾದಸ್ಥ!" ಅತ್ತೆ ಈಚೆಯಿಂದ ಕೂಗಿದರು. ಅವರ ದನಿ ಅಷ್ಟು ಏರಿದ್ದನ್ನು ಕೇಳಿ ಒಂದೂವರೆ ವರ್ಷವಾಗಿತ್ತು.

ಮಾವ ಮಾತ್ರ ತಲೆಯ ಮೇಲೆ ಕೈ ಹೊತ್ತಿದ್ದರು. ಅವರ ಕಸುಬಿಗೇ ಅವಮಾನ. "ಅರ್ಧ ಬೆಳಕು ಸೋರಿಹೋಗ್ತಿದೆ. ನಾಳೆಯೇ ಹಿಂದೆ ಕಪ್ಪು ಬಟ್ಟೆ ಹೊಲಿಸ್ತೀನಿ."

"ಬೇಡುಂಗ."

"ಬಣ್ಣ ಮಂಕಾಗಿದೆ, ಕಾಣಲ್ವಾ?"

"ಬೇಡ ಅಂದೆನಲ್ಲ. ಥಿಯೇಟರಿನಲ್ಲಿ ನಾವಿಬ್ಬರೇ ಕೂತು ನೋಡ್ತಿದ್ದೆವಾ?"

ಅಷ್ಟರಲ್ಲಿ ಕರೆಂಟು ಹೋಯಿತು. ಆ ವರ್ಷಗಳಲ್ಲಿ ಕರೆಂಟು ಹೋಗದಿದ್ದರೆ ಆಶ್ಚರ್ಯ. ಹಿತ್ತಿಲಿನಿಂದ "ಓಓಓ" ಎಂದು ಕೂಗೆದ್ದಿತು, ಅಪ್ಪಟ ಥಿಯೇಟರಿನ ಕೂಗು. ಕತ್ತಲಲ್ಲಿ ಅತ್ತೆಯೂ ಜೊತೆಗೆ ಕೂಗಿದ್ದನ್ನು ನಾನು ಕೇಳಿದೆ. ಕಪ್ಪು ಬಟ್ಟೆಯ ಮಾತು ಮತ್ತೆ ಏಳಲಿಲ್ಲ.

ಒಂದು ವರ್ಷ ಹಾಗೇ ನಡೆಯಿತು. ಭಾನುವಾರ ಸಂಜೆ ಈ ಕಡೆ ನಾವು, ಆ ಕಡೆ ಅವರು. ಕೊನೆಗೆ ಆ ಟೈಲರ್ ಹೆಂಗಸೇ ಏನೋ ಹೇಳಿ ಅತ್ತೆಗೆ ಧೈರ್ಯ ತುಂಬಿದಳಂತೆ. ಕೊಯಮತ್ತೂರಿನಲ್ಲಿ ಮಂಡಿಯ ಆಪರೇಷನ್ ಆಯಿತು. ಎರಡು ತಿಂಗಳು ಅಭ್ಯಾಸ ಮಾಡಿ ಅತ್ತೆ ಕೋಲಿಲ್ಲದೆ ನಡೆಯತೊಡಗಿದರು.

ಅವರು ಕೋಲು ಬಿಟ್ಟ ಮೊದಲ ಭಾನುವಾರ ನಾನೂ ಹೋಗಿದ್ದೆ. ಮಾವ ಪ್ರೊಜೆಕ್ಟರ್ ಹಚ್ಚಿ, ನಡುವಿನ ಕುರ್ಚಿಯನ್ನು ಒರೆಸಿ ಇಟ್ಟರು. ಅತ್ತೆ ಬಂದರು, ಕುರ್ಚಿಯನ್ನು ದಾಟಿದರು, ಪಕ್ಕದ ಓಣಿಯಿಂದ ನಿಧಾನವಾಗಿ ಹಿತ್ತಿಲಿಗೆ ಹೋದರು. ಅಲ್ಲಿ ಯಾರೋ ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದ ಸದ್ದು ಬಂತು. ಸಿನಿಮಾ ಶುರುವಾಯಿತು. ಮಾವ ರಿಮೋಟ್ ಹಿಡಿದು ಸ್ವಲ್ಪ ಹೊತ್ತು ಕುಳಿತರು. "ಬಣ್ಣ ಸರಿಯಿದೆಯಾ?" ಎಂದು ಬಟ್ಟೆಯ ಕಡೆಗೆ ಕೂಗಿದರು. ಆಚೆ ನಗುತ್ತಿದ್ದರು, ಯಾರಿಗೂ ಕೇಳಿಸಲಿಲ್ಲ. ಮಾವ ರಿಮೋಟನ್ನು ನನ್ನ ಕೈಗೆ ಕೊಟ್ಟು, ತಮ್ಮ ಕುರ್ಚಿಯನ್ನು ಎತ್ತಿಕೊಂಡು ಓಣಿಯ ಕಡೆ ನಡೆದರು.

ನಾನು ಬಟ್ಟೆಯ ಅಂಚಿನಿಂದ ಇಣುಕಿದೆ. ಮಾವ ಅತ್ತೆಯ ಪಕ್ಕದಲ್ಲಿ ಕುಳಿತಿದ್ದರು. ಅತ್ತೆ ತೆರೆಯಿಂದ ಕಣ್ಣು ತೆಗೆಯದೆ, ಅಲ್ಲಿಯವರೆಗೆ ಆದ ಕಥೆಯನ್ನು ಮೆಲ್ಲಗೆ ಅವರಿಗೆ ಹೇಳತೊಡಗಿದರು. ಅದೆಲ್ಲವನ್ನೂ ಈ ಕಡೆ ನೋಡಿಯೇ ಬಂದಿದ್ದ ಮಾವ, ತಡವಾಗಿ ಬಂದವರ ಹಾಗೆ ತಲೆ ಬಾಗಿಸಿ ಕೇಳಿಕೊಂಡರು.